ಮನೆ ಮಾರಿ ಬಾಡಿಗೆಗೆ ಕೂತಿದ್ದ ಕ್ಲಬ್ಬು: ವಾಟ್ಸ್ಕೆ ಮತ್ತು ಡಾರ್ಟ್‌ಮಂಡ್‌ನ 20 ವರ್ಷದ ಲೆಕ್ಕ

2025ರ ನವೆಂಬರ್ ಕೊನೆಯಲ್ಲಿ ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ ಕ್ಲಬ್ಬಿನಿಂದ ಬಂದ ಸುದ್ದಿ ಫುಟ್‌ಬಾಲ್ ನೋಡುವ ಹಲವರನ್ನು ಗೊಂದಲಕ್ಕೆ ಕೆಡವಿತು. 20 ವರ್ಷಕ್ಕೂ ಹೆಚ್ಚು ಕಾಲ ಕ್ಲಬ್ಬು ನಡೆಸಿದ ಹಾನ್ಸ್-ಯೋಆಖಿಮ್ ವಾಟ್ಸ್ಕೆ ಮುಖ್ಯಸ್ಥನ ಕುರ್ಚಿಯಿಂದ ಇಳಿದರು ಎಂದು ಒಂದು ಸುದ್ದಿ. ಅದೇ ವಾಟ್ಸ್ಕೆ ಕ್ಲಬ್ಬಿನ ಅಧ್ಯಕ್ಷರಾಗಿ ಆಯ್ಕೆಯಾದರು ಎಂದು ಇನ್ನೊಂದು. ಇಳಿದರೋ, ಏರಿದರೋ?

ಎರಡೂ ನಿಜ. ಡಾರ್ಟ್‌ಮಂಡ್ ಎಂಬ ಒಂದೇ ಹೆಸರಿನ ಹಿಂದೆ ಇರುವುದು ಎರಡು ಸಂಸ್ಥೆ. ಅವರು ಬಿಟ್ಟದ್ದು ಒಂದರ ಕುರ್ಚಿ, ಕೂತದ್ದು ಇನ್ನೊಂದರದ್ದು. ಈ ಎರಡರ ನಡುವಿನ ನಂಟು ಅರ್ಥವಾದರೆ ವಾಟ್ಸ್ಕೆ ಮಾಡಿದ ಕೆಲಸವೂ ಅರ್ಥವಾಗುತ್ತದೆ, ಜರ್ಮನಿಯಲ್ಲಿ ಫುಟ್‌ಬಾಲ್ ಕ್ಲಬ್ಬು ನಡೆಯುವ ಬಗೆಯೂ ಅರ್ಥವಾಗುತ್ತದೆ.

ಸಂಘ ಒಂದು, ಕಂಪನಿ ಇನ್ನೊಂದು

ಐಪಿಎಲ್ ತಂಡಕ್ಕೆ ಒಬ್ಬ ಮಾಲೀಕನೋ ಒಂದು ಕಂಪನಿಯೋ ಇರುತ್ತದೆ. ಜರ್ಮನಿಯ ಕ್ಲಬ್ಬುಗಳು ಹುಟ್ಟಿದ್ದೇ ಬೇರೆ ರೀತಿ. ಊರಿನ ಜನ ಸೇರಿ ಸಂಘ ಕಟ್ಟಿಕೊಂಡು, ವರ್ಷದ ಚಂದಾ ಕೊಟ್ಟು, ಅಧ್ಯಕ್ಷನನ್ನು ತಾವೇ ಆರಿಸುತ್ತಾರೆ. ಇಂಥ ನೋಂದಾಯಿತ ಸಂಘಕ್ಕೆ ಅಲ್ಲಿ ‘ಫೆರೈನ್’ ಎನ್ನುತ್ತಾರೆ. ಡಾರ್ಟ್‌ಮಂಡ್ ಸಂಘ ಹುಟ್ಟಿದ್ದು 1909ರ ಡಿಸೆಂಬರ್ 19ರಂದು. ಇವತ್ತು ಅದಕ್ಕೆ 2 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ.

ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವನ್ನು ನೆನೆಸಿಕೊಳ್ಳಿ. ಒಂದು ಹಸು ಇಟ್ಟುಕೊಂಡವರಿಗೂ ಒಂದು ಓಟು, ಹತ್ತು ಹಸು ಇಟ್ಟುಕೊಂಡವರಿಗೂ ಒಂದೇ ಓಟು. ಫೆರೈನ್ ಕೂಡ ಹಾಗೆಯೇ. ಕೋಟ್ಯಧಿಪತಿ ಸದಸ್ಯನಿಗೂ ಗೋಲಿನ ಹಿಂದೆ ನಿಂತು ಕೂಗುವ ಹುಡುಗನಿಗೂ ಮತ ಒಂದೇ.

ತೊಂದರೆ ಶುರುವಾದದ್ದು ಟಿವಿ ಹಣ ಹರಿಯತೊಡಗಿದಾಗ. ನೂರಾರು ಕೋಟಿಯ ವಹಿವಾಟನ್ನು ಚಂದಾ ಸಂಘದ ಚೌಕಟ್ಟಿನೊಳಗೆ ನಡೆಸುವುದು ಕಷ್ಟ. ಸಂಘಕ್ಕೆ ಷೇರು ಮಾರುವ ಹಕ್ಕಿಲ್ಲ, ಆದ್ದರಿಂದ ಬಂಡವಾಳ ಎತ್ತಲು ಸಾಲ ಬಿಟ್ಟರೆ ದಾರಿಯಿಲ್ಲ. 1998ರಲ್ಲಿ ಜರ್ಮನ್ ಫುಟ್‌ಬಾಲ್ ಸಂಸ್ಥೆ ಕ್ಲಬ್ಬುಗಳಿಗೆ ಒಂದು ಬಾಗಿಲು ತೆರೆಯಿತು. ವೃತ್ತಿಪರ ತಂಡವನ್ನು ಮಾತ್ರ ಸಂಘದಿಂದ ಬೇರೆ ಮಾಡಿ ಕಂಪನಿಯಾಗಿಸಬಹುದು ಎಂದಿತು. ಡಾರ್ಟ್‌ಮಂಡ್ ಅದನ್ನೇ ಮಾಡಿತು. ಹೀಗಾಗಿ ಸಂಘದ ಮುಖ್ಯಸ್ಥ ಅಧ್ಯಕ್ಷ, ಸದಸ್ಯರು ಓಟು ಹಾಕಿ ಆರಿಸಿದವರು. ಕಂಪನಿಯ ಮುಖ್ಯಸ್ಥ ‘ಗೆಶೆಫ್ಟ್ಸ್‌ಫ್ಯೂರರ್’, ಅಂದರೆ ವ್ಯವಹಾರ ನಡೆಸುವ ನಿರ್ದೇಶಕ. ಇವರು ನೇಮಕಗೊಂಡವರು, ಸಂಬಳ ಪಡೆಯುವವರು. ವಾಟ್ಸ್ಕೆ 2005ರಿಂದ 2025ರವರೆಗೆ ಇದ್ದದ್ದು ಈ ಎರಡನೆಯ ಹುದ್ದೆಯಲ್ಲಿ. ಈಗ ಮೊದಲನೆಯದಕ್ಕೆ ಬಂದಿದ್ದಾರೆ.

50+1 ಅಂದರೆ ಏನು?

ಕಂಪನಿ ಮಾಡಲು ಬಿಟ್ಟಾಗಲೇ ಒಂದು ಷರತ್ತನ್ನೂ ಹಾಕಿದ್ದರು. ಕಂಪನಿಯ ಮತಗಳಲ್ಲಿ ಅರ್ಧಕ್ಕಿಂತ ಕನಿಷ್ಠ ಒಂದು ಮತ ಹೆಚ್ಚಾಗಿ ಮೂಲ ಸಂಘದ ಕೈಯಲ್ಲೇ ಇರಬೇಕು. ಇದೇ ‘50+1’. ಎಷ್ಟೇ ಹಣ ತಂದು ಸುರಿದರೂ ಹೊರಗಿನವರು ಕ್ಲಬ್ಬಿನ ಯಜಮಾನರಾಗುವಂತಿಲ್ಲ.

ಇಲ್ಲಿ ಬಹಳ ಜನ ಎಡವುತ್ತಾರೆ. ನಿಯಮ ಹೇಳುವುದು ಮತದ ಬಗ್ಗೆ, ಹಣದ ಬಗ್ಗೆ ಅಲ್ಲ. ಬಯೆರ್ನ್ ಮ್ಯೂನಿಕ್ ಸಂಘ ತನ್ನ ಕಂಪನಿಯ ಶೇ. 75 ಷೇರು ತಾನೇ ಇಟ್ಟುಕೊಂಡಿದೆ. ಅಡಿಡಾಸ್, ಔಡಿ, ಅಲಿಯಾನ್ಸ್ ಮೂರೂ ಸೇರಿ ಉಳಿದ ಕಾಲು ಭಾಗ. ಇದು ನೇರ ಲೆಕ್ಕ. ಡಾರ್ಟ್‌ಮಂಡ್ ಸಂಘದ ಬಳಿ ಇರುವುದು ಶೇ. 5ರ ಆಸುಪಾಸಿನ ಷೇರು ಮಾತ್ರ. ಆದರೂ ಹಿಡಿತ ಅದರದ್ದೇ. ಹೇಗೆ?

ಡಾರ್ಟ್‌ಮಂಡ್ ಆರಿಸಿಕೊಂಡ ಕಂಪನಿಯ ಬಗೆ ಬೇರೆ. ಜರ್ಮನ್ ಕಾನೂನಿನಲ್ಲಿ ‘ಕೆಜಿಎಎ’ ಎಂಬ ಒಂದು ರಚನೆಯಿದೆ. ಹತ್ತಾರು ಜನ ಹಣ ಹಾಕಿ ಕೊಂಡ ಲಾರಿ ಎಂದಿಟ್ಟುಕೊಳ್ಳಿ. ಬಾಡಿಗೆಯಲ್ಲಿ ಎಲ್ಲರಿಗೂ ಪಾಲುಂಟು, ಆದರೆ ಸ್ಟಿಯರಿಂಗ್ ಹಿಡಿಯುವವನು ಒಬ್ಬನೇ. ಆ ಡ್ರೈವರನ್ನು ಇಡುವ, ತೆಗೆಯುವ ಹಕ್ಕು ಪಾಲುದಾರರಿಗಿಲ್ಲ. ಡಾರ್ಟ್‌ಮಂಡ್‌ನಲ್ಲಿ ಸ್ಟಿಯರಿಂಗ್ ಹಿಡಿದಿರುವುದು ಇನ್ನೊಂದು ಪುಟ್ಟ ಕಂಪನಿ, ಅದು ಪೂರ್ತಿ, ನೂರಕ್ಕೆ ನೂರು, ಸಂಘದ ಸ್ವತ್ತು. ಷೇರುದಾರರು ಆರಿಸಿದ ಮೇಲ್ವಿಚಾರಣಾ ಮಂಡಳಿ ಲೆಕ್ಕ ಕೇಳಬಹುದು, ಪ್ರಶ್ನೆ ಹಾಕಬಹುದು. ನಿರ್ದೇಶಕನನ್ನು ನೇಮಿಸುವ ಅಧಿಕಾರ ಮಾತ್ರ ಅದಕ್ಕಿಲ್ಲ.

ವಿನಾಯಿತಿಗಳೂ ಇವೆ. ಔಷಧ ಕಂಪನಿ ಬಾಯರ್‌ನ ಲೆವರ್‌ಕುಸೆನ್, ಫೋಕ್ಸ್‌ವ್ಯಾಗನ್‌ನ ವೋಲ್ಫ್ಸ್‌ಬರ್ಗ್ ಎರಡೂ ದಶಕಗಳಿಂದ ಕಾರ್ಖಾನೆಯ ತಂಡಗಳೇ ಆಗಿದ್ದವು, ಹಾಗಾಗಿ ಅವಕ್ಕೆ ಬಿಟ್ಟುಕೊಟ್ಟರು. ಪಾನೀಯ ಕಂಪನಿ ರೆಡ್ ಬುಲ್‌ನ ಲೈಪ್ಜಿಗ್‌ನದು ಇನ್ನೊಂದು ಜಾಣತನ. ಅಲ್ಲಿ ಸಂಘವಿದೆ, ಆದರೆ ಮತ ಹಾಕುವ ಸದಸ್ಯರು ಬೆರಳೆಣಿಕೆಯಷ್ಟು. ನಿಯಮದ ಅಕ್ಷರ ಪಾಲಿಸಿ ಅರ್ಥ ಬಿಟ್ಟಂತೆ ಎಂದು ಉಳಿದ ಕ್ಲಬ್ಬುಗಳ ಅಭಿಮಾನಿಗಳು ಇವತ್ತಿಗೂ ಗೊಣಗುತ್ತಾರೆ.

ಯಾರು ಈ ವಾಟ್ಸ್ಕೆ?

1959ರಲ್ಲಿ ಹುಟ್ಟಿದ್ದು, ಜರ್ಮನಿಯ ಪಶ್ಚಿಮಕ್ಕಿರುವ ಗುಡ್ಡಗಾಡು ಸೀಮೆ ಜಾವರ್‌ಲಾಂಡ್‌ನ ಮಾರ್ಸ್‌ಬರ್ಗ್‌ನಲ್ಲಿ. ಪಾಡರ್‌ಬೋರ್ನ್‌ನಲ್ಲಿ ವಾಣಿಜ್ಯ ಓದಿದರು. ಊರಿನ ಸಣ್ಣ ಕ್ಲಬ್ಬು ಎರ್ಲಿಂಗ್‌ಹೌಸೆನ್‌ಗೆ ಆಡಿದರು. ವೃತ್ತಿಪರ ಆಟಗಾರ ಆಗಲಿಲ್ಲ. 1990ರಲ್ಲಿ ‘ವಾಟೆಕ್ಸ್’ ಎಂಬ ಕಂಪನಿ ಶುರುಮಾಡಿ ಕೆಲಸಗಾರರಿಗೆ, ಅಗ್ನಿಶಾಮಕ ದಳದವರಿಗೆ ರಕ್ಷಣಾ ಉಡುಪು ತಯಾರಿಸತೊಡಗಿದರು. ಬೆಂಕಿಗೆ ಜಗ್ಗದ ಬಟ್ಟೆ ಹೊಲಿಸುತ್ತಿದ್ದವರೇ ಬೆಂಕಿ ಬಿದ್ದ ಕ್ಲಬ್ಬಿಗೆ ಬಂದದ್ದು ಕಾಕತಾಳೀಯ, ಆದರೆ ಜರ್ಮನ್ ಪತ್ರಕರ್ತರಿಗೆ ಸಿಕ್ಕ ಹಬ್ಬದೂಟ.

2001ರಲ್ಲಿ ಅವರು ಡಾರ್ಟ್‌ಮಂಡ್ ಸಂಘದ ಖಜಾಂಚಿಯಾದರು. ಸಂಘದ ಖಜಾಂಚಿ, ಕಂಪನಿಯದಲ್ಲ ಎಂಬುದು ಗಮನದಲ್ಲಿರಲಿ. ಕಂಪನಿಯ ತಿಜೋರಿಯ ಬೀಗದ ಕೈ ಆಗ ಅದರ ನಿರ್ದೇಶಕರಾಗಿದ್ದ ಗೆರ್ಡ್ ನೀಬಾಮ್ ಮತ್ತು ಮಿಖಾಯೆಲ್ ಮೈಯರ್ ಬಳಿ ಇತ್ತು. ನೀಬಾಮ್ ಸಂಘದ ಅಧ್ಯಕ್ಷರೂ ಹೌದು.

ಗೆದ್ದ ಕ್ಲಬ್ಬು ದಿವಾಳಿಯ ಅಂಚಿಗೆ ಬಂದದ್ದು

1997ರಲ್ಲಿ ಡಾರ್ಟ್‌ಮಂಡ್ ಇಟಲಿಯ ಯುವೆಂಟಸ್ ತಂಡವನ್ನು 3-1ರಿಂದ ಸೋಲಿಸಿ ಯುರೋಪಿನ ಕ್ಲಬ್ಬುಗಳ ಅತಿದೊಡ್ಡ ಪಂದ್ಯಾವಳಿ ಚಾಂಪಿಯನ್ಸ್ ಲೀಗ್ ಗೆದ್ದಿತ್ತು. ಆ ಎತ್ತರದಲ್ಲೇ ಉಳಿಯಬೇಕೆಂಬ ಹಟ ಹತ್ತಿತು. 2000ದ ಅಕ್ಟೋಬರ್ 31ರಂದು ಕಂಪನಿಯ ಷೇರು ಪೇಟೆಗೆ ಬಂತು, ಒಂದಕ್ಕೆ 11 ಯೂರೋ. ಜರ್ಮನಿಯಲ್ಲಿ ಷೇರುಪೇಟೆಗೆ ಇಳಿದ ಮೊದಲ ಫುಟ್‌ಬಾಲ್ ಕ್ಲಬ್ಬು ಅದು. ಕೈಗೆ ಬಂದ ಹಣ ಆಟಗಾರರ ಮೇಲೆ ಹೋಯಿತು. 2001ರಲ್ಲಿ ಬ್ರೆಜಿಲ್‌ನ ಮಾರ್ಸಿಯೊ ಅಮೊರೊಸೊಗೆ ಕೊಟ್ಟದ್ದು ಸುಮಾರು 2.5 ಕೋಟಿ ಯೂರೋ. 2002ರಲ್ಲಿ ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲಿಗಾದ ಕಿರೀಟವೇನೋ ಬಂತು.

ಆದರೆ ಖರ್ಚಿನ ಅಂದಾಜು ಕಟ್ಟಿದ್ದು ‘ಮುಂದಿನ ವರ್ಷವೂ ಚಾಂಪಿಯನ್ಸ್ ಲೀಗ್ ಆಡುತ್ತೇವೆ’ ಎಂಬ ನಂಬಿಕೆಯ ಮೇಲೆ. ಆಟಗಾರರ ಸಂಬಳ ನಾಲ್ಕೈದು ವರ್ಷದ ಕರಾರು, ಸೋತರೂ ತಪ್ಪದು. ಚಾಂಪಿಯನ್ಸ್ ಲೀಗ್ ವರಮಾನ ಒಂದೇ ವರ್ಷದ್ದು, ಸೋತರೆ ಇಲ್ಲ. ಮಳೆ ಬಂದೇ ಬರುತ್ತದೆಂದು ಬಿತ್ತುವ ಮೊದಲೇ ಸುಗ್ಗಿಯ ಹಣ ಖರ್ಚು ಮಾಡಿದಂತೆ. 2002ರಲ್ಲಿ ಲೀಗಿನ ಟಿವಿ ಹಕ್ಕು ಇಟ್ಟುಕೊಂಡಿದ್ದ ಕಿರ್ಷ್ ಮಾಧ್ಯಮ ಸಮೂಹ ದಿವಾಳಿಯೆದ್ದಿತು. 2003ರ ಆಗಸ್ಟ್‌ನಲ್ಲಿ ಅರ್ಹತಾ ಸುತ್ತಿನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗೆ ಎದುರು ಪೆನಾಲ್ಟಿಯಲ್ಲಿ ಸೋತು ಚಾಂಪಿಯನ್ಸ್ ಲೀಗ್ ಬಾಗಿಲೂ ಮುಚ್ಚಿತು.

ಅಷ್ಟರಲ್ಲಿ ಕ್ಲಬ್ಬು ತನ್ನ ದೊಡ್ಡ ಆಸ್ತಿಗೇ ಕೈ ಹಾಕಿಯಾಗಿತ್ತು. 80 ಸಾವಿರ ಜನ ಹಿಡಿಸುವ, ದಕ್ಷಿಣದ ಒಂದೇ ಗ್ಯಾಲರಿಯಲ್ಲಿ ಸುಮಾರು 25 ಸಾವಿರ ಜನ ನಿಂತು ನೋಡುವ ವೆಸ್ಟ್‌ಫಾಲೆನ್ ಕ್ರೀಡಾಂಗಣವನ್ನು 2002ರಲ್ಲಿ ‘ಮೊಲ್ಸಿರಿಸ್’ ಎಂಬ ಹೂಡಿಕೆ ನಿಧಿಗೆ ಸುಮಾರು 7.5 ಕೋಟಿ ಯೂರೋಗೆ ಮಾರಿ, ಅದೇ ಕ್ರೀಡಾಂಗಣದಲ್ಲಿ ಬಾಡಿಗೆಗೆ ಕೂತಿತು. ಇದ್ದ ಮನೆ ಮಾರಿ, ಸಾಲ ತೀರಿಸಿ, ಅದೇ ಮನೆಯಲ್ಲಿ ಬಾಡಿಗೆಗಿದ್ದ ಹಾಗೆ. ಮೊದಲ ದಿನ ಕೈಯಲ್ಲಿ ದುಡ್ಡು ಕಾಣುತ್ತದೆ. ಆಮೇಲೆ ಆಟ ಇರಲಿ ಬಿಡಲಿ, ಗೆಲ್ಲಲಿ ಸೋಲಲಿ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

2003-04ರ ಲೆಕ್ಕದಲ್ಲಿ ನಷ್ಟ 6.77 ಕೋಟಿ ಯೂರೋ. ಆಟಗಾರರ ಸಂಬಳದಲ್ಲಿ ಶೇ. 20 ಕಡಿತವಾಯಿತು. 2004ರಲ್ಲಿ ಎದುರಾಳಿ ಬಯೆರ್ನ್ ಮ್ಯೂನಿಕ್ ಡಾರ್ಟ್‌ಮಂಡ್‌ಗೆ 20 ಲಕ್ಷ ಯೂರೋ ಕೈಸಾಲ ಕೊಟ್ಟಿತ್ತು. ಈ ಮಾತನ್ನು ಬಯೆರ್ನ್‌ನ ಉಲಿ ಹೊನೆಸ್ ಬಹಿರಂಗವಾಗಿ ಹೇಳಿದ್ದು 2012ರಲ್ಲಿ, ಅಂದರೆ ಡಾರ್ಟ್‌ಮಂಡ್ ಅವರನ್ನೇ ಹಿಂದಿಕ್ಕಿ ಲೀಗ್ ಗೆಲ್ಲುತ್ತಿದ್ದ ಹೊತ್ತಿನಲ್ಲಿ.

2005ರ ಮಾರ್ಚ್ 14

ನೀಬಾಮ್ 2004ರ ಕೊನೆಗೆ ಸಂಘದ ಅಧ್ಯಕ್ಷಗಿರಿ ಬಿಟ್ಟರು. ವಕೀಲ ರೈನ್‌ಹಾರ್ಡ್ ರಾವ್‌ಬಾಲ್ ಆ ಜಾಗಕ್ಕೆ ಬಂದರು. 2005ರ ಫೆಬ್ರವರಿ ಮಧ್ಯದಲ್ಲಿ ನೀಬಾಮ್ ಕಂಪನಿಯನ್ನೂ ಬಿಟ್ಟಾಗ ವಾಟ್ಸ್ಕೆ ನಿರ್ದೇಶಕರಾದರು. ಕುರ್ಚಿ ಬಿಸಿಯಾಗುವ ಮೊದಲೇ, ಫೆಬ್ರವರಿ 17ರಂದು, ಕ್ಲಬ್ಬಿನ ಅಸ್ತಿತ್ವಕ್ಕೇ ಅಪಾಯವಿದೆ ಎಂಬ ಪ್ರಕಟಣೆ ಹೊರಬಿತ್ತು. ಷೇರುಪೇಟೆಯಲ್ಲಿರುವ ಕಂಪನಿ ಇಂಥ ಸುದ್ದಿಯನ್ನು ಬಚ್ಚಿಡುವಂತಿಲ್ಲ, ಬೆಲೆಯ ಮೇಲೆ ಪರಿಣಾಮ ಬೀರುವ ಸಂಗತಿಯನ್ನು ತಡಮಾಡದೆ ಎಲ್ಲರಿಗೂ ಒಟ್ಟಿಗೆ ತಿಳಿಸಬೇಕು.

ಇಲ್ಲಿ ‘ನಷ್ಟ’ ಮತ್ತು ‘ಕೈಯಲ್ಲಿ ಕಾಸಿಲ್ಲದಿರುವುದು’ ಎರಡೂ ಬೇರೆ ಎಂಬುದು ತಿಳಿಯಬೇಕು. ನಷ್ಟದಲ್ಲಿರುವ ಅಂಗಡಿ ವರ್ಷಗಟ್ಟಲೆ ಓಡಬಹುದು. ಈ ತಿಂಗಳ ಸಂಬಳಕ್ಕೆ ನಗದು ಇಲ್ಲದ ಅಂಗಡಿ ಈ ತಿಂಗಳೇ ಮುಚ್ಚುತ್ತದೆ. ಜರ್ಮನ್ ಲೀಗಿನಲ್ಲಿ ಇದಕ್ಕೆ ಇನ್ನೊಂದು ಕತ್ತರಿಯೂ ಉಂಟು. ಪ್ರತಿ ವಸಂತದಲ್ಲಿ ಕ್ಲಬ್ಬುಗಳು ಲೆಕ್ಕಪತ್ರ ಒಪ್ಪಿಸಿ, ಮುಂದಿನ ಋತು ಮುಗಿಯುವವರೆಗೂ ಕೈಯಲ್ಲಿ ಹಣವಿರುತ್ತದೆ ಎಂದು ಲೀಗಿಗೆ ತೋರಿಸಬೇಕು. ತೋರಿಸಲಾಗದಿದ್ದರೆ ಪರವಾನಗಿ ಇಲ್ಲ. ಮೈದಾನದಲ್ಲಿ ಎಷ್ಟೇ ಅಂಕ ಗಳಿಸಿದ್ದರೂ ವೃತ್ತಿಪರ ಲೀಗಿನಿಂದ ಹೊರಗೆ.

ಎಲ್ಲದರ ಕೀಲಿ ಮೊಲ್ಸಿರಿಸ್ ನಿಧಿಯ ಬಳಿ ಇತ್ತು. ಬಾಡಿಗೆ ಮುಂದೂಡಲು, ಉಳಿವಿನ ಯೋಜನೆಗೆ ಒಪ್ಪಲು ಅದರ ಹೂಡಿಕೆದಾರರು ಮತ ಹಾಕಬೇಕು. ಒಟ್ಟು ಸುಮಾರು 5,800 ಜನ, ಬಹುಪಾಲು ಉಳಿತಾಯದ ಹಣ ಹಾಕಿದ ಸಾಮಾನ್ಯರು. ಅವರಲ್ಲಿ ಎಲ್ಲರೂ ಡಾರ್ಟ್‌ಮಂಡ್ ಅಭಿಮಾನಿಗಳೇನಲ್ಲ. ಮಾರ್ಚ್ 14ರಂದು ಡ್ಯುಸೆಲ್ಡಾರ್ಫ್ ವಿಮಾನ ನಿಲ್ದಾಣದ ಸಭಾಂಗಣದಲ್ಲಿ ಸಭೆ. ಬಂದವರು 444 ಜನ. ‘ನೀವು ಈಗ ಬಾಡಿಗೆಗೆ ಪಟ್ಟು ಹಿಡಿದರೆ ಕ್ಲಬ್ಬು ಮುಳುಗುತ್ತದೆ. ಕ್ಲಬ್ಬು ಮುಳುಗಿದರೆ ಈ ಖಾಲಿ ಕ್ರೀಡಾಂಗಣವನ್ನು ಯಾರಿಗೆ ಬಾಡಿಗೆ ಕೊಡುತ್ತೀರಿ?’ ಕ್ಲಬ್ಬಿನ ವಾದದ ತಿರುಳು ಇಷ್ಟೇ. ಶೇ. 94.4 ಮತ ಯೋಜನೆಯ ಪರ ಬಿತ್ತು.

ಡಾರ್ಟ್‌ಮಂಡ್ ಆ ವರ್ಷ ಉಳಿದದ್ದು ಯಾವ ಗೋಲಿನಿಂದಲೂ ಅಲ್ಲ, ಈ ಮತದಿಂದ.

ಸಾಲ ಇಳಿಸಿದ ಬಗೆ

ಮುಂದಿನ ಹೆಜ್ಜೆಗಳಲ್ಲಿ ರೋಮಾಂಚನ ಕಡಿಮೆ, ಅಂಕಿ ಹೆಚ್ಚು. 2006ರ ಆರಂಭದಲ್ಲಿ ಹಣಕಾಸಿನ ನಿರ್ದೇಶಕರಾಗಿ ಥಾಮಸ್ ಟ್ರೆಸ್ ಬಂದರು. ಅದಕ್ಕೂ ಮುಂಚೆಯೇ ಕ್ರೀಡಾಂಗಣದ ಹೆಸರನ್ನು ಡಾರ್ಟ್‌ಮಂಡ್‌ನದೇ ಆದ ಸಿಗ್ನಲ್ ಇಡೂನ ವಿಮಾ ಕಂಪನಿಗೆ ಮಾರಿಯಾಗಿತ್ತು. 2006ರಲ್ಲಿ ಅಮೆರಿಕದ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿಯಿಂದ ಸುಮಾರು 7.9 ಕೋಟಿ ಯೂರೋ ಸಾಲ ಪಡೆದು ಕ್ರೀಡಾಂಗಣವನ್ನು ಮರಳಿ ಕೊಂಡರು. ಸಾಲ ತೀರಿಸಲು ಮತ್ತೆ ಸಾಲವೇ ಎನ್ನಬಹುದು. ವ್ಯತ್ಯಾಸ ಇಷ್ಟೇ: ಕಟ್ಟಿದ ಕಂತು ಕಂತಾಗಿ ಮನೆ ತನ್ನದಾಗುತ್ತದೆ, ಕಟ್ಟಿದ ಬಾಡಿಗೆಗೆ ಏನೂ ಉಳಿಯುವುದಿಲ್ಲ.

2008ರಲ್ಲಿ ಸ್ಪೋರ್ಟ್‌ಫೈವ್ ಎಂಬ ಮಾರಾಟ ಸಂಸ್ಥೆಗೆ 2020ರವರೆಗಿನ ಜಾಹೀರಾತು ಹಕ್ಕಿನ ಒಪ್ಪಂದ ಬರೆದುಕೊಟ್ಟು, ಮುಂಗಡವಾಗಿ ಸಿಕ್ಕ 5 ಕೋಟಿಯಿಂದ ಮಾರ್ಗನ್ ಸ್ಟ್ಯಾನ್ಲಿ ಸಾಲವನ್ನು ಅವಧಿಗೆ ಮುಂಚೆಯೇ ತೀರಿಸಿದರು. ನಾಳಿನ ಹಣವನ್ನು ಇವತ್ತು ತೆಗೆದುಕೊಂಡದ್ದು ಇಲ್ಲಿಯೂ ಉಂಟು, ಆದರೆ ಅದು ಆಟಗಾರರ ಖರೀದಿಗೆ ಹೋಗದೆ ಬಡ್ಡಿ ಇಳಿಸಲು ಹೋಯಿತು. 2014ರಲ್ಲಿ ಹೊಸ ಷೇರು ಹೊರಡಿಸಿ, ಪ್ರಾಯೋಜಕ ಎವೊನಿಕ್, ಸಿಗ್ನಲ್ ಇಡೂನ, ಪ್ಯೂಮಾ ಕಂಪನಿಗಳನ್ನು ಪಾಲುದಾರರನ್ನಾಗಿ ಮಾಡಿಕೊಂಡು ಉಳಿದ ಬ್ಯಾಂಕ್ ಸಾಲವನ್ನೂ ಮುಗಿಸಿದರು.

ಈ ನಡುವೆ ಮೈದಾನದಲ್ಲಿ ಆದದ್ದು ಎಲ್ಲರಿಗೂ ಗೊತ್ತು. 2008ರಲ್ಲಿ ಮೈಂಜ್ ಕ್ಲಬ್ಬಿನಿಂದ ಯುರ್ಗೆನ್ ಕ್ಲಾಪ್ ತರಬೇತುದಾರರಾಗಿ ಬಂದರು. ಕ್ರೀಡಾ ನಿರ್ದೇಶಕ ಮಿಖಾಯೆಲ್ ಜೋರ್ಕ್ ಕಡಿಮೆ ಬೆಲೆಯ ಎಳೆಯ ಆಟಗಾರರನ್ನು ಹುಡುಕಿ ತಂದರು. ಜಪಾನ್‌ನ ಶಿಂಜಿ ಕಗಾವಾ 3.5 ಲಕ್ಷ ಯೂರೋಗೆ, ಪೋಲೆಂಡಿನ ರಾಬರ್ಟ್ ಲೆವಾಂಡೊಸ್ಕಿ ಸುಮಾರು 45 ಲಕ್ಷಕ್ಕೆ. 2011 ಮತ್ತು 2012ರಲ್ಲಿ ಲೀಗ್, 2012ರಲ್ಲಿ ಜರ್ಮನ್ ಕಪ್ ಕೂಡ, 2013ರಲ್ಲಿ ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್.

ನಿರ್ದೇಶಕ, ಕ್ರೀಡಾ ನಿರ್ದೇಶಕ, ತರಬೇತುದಾರ: ಈ ಮೂವರ ಕೆಲಸ ಕಲಸುಮೇಲೋಗರ ಆಗಬಾರದು. ಯಾರನ್ನು ಆಡಿಸಬೇಕು ಎಂಬುದು ತರಬೇತುದಾರನ ಮಾತು. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂದು ನೋಡುವವನು ಕ್ರೀಡಾ ನಿರ್ದೇಶಕ. ಅದಕ್ಕೆ ಎಷ್ಟು ಹಣ, ಯಾವ ಕಂತಿನಲ್ಲಿ ಎಂದು ನಿಶ್ಚಯಿಸಿ ಸಹಿ ಹಾಕುವವರು ವಾಟ್ಸ್ಕೆಯಂಥವರು.

ಪುಸ್ತಕದಲ್ಲಿ ಆಟಗಾರ

ಡಾರ್ಟ್‌ಮಂಡ್ ಪ್ರತಿ ವರ್ಷ ಒಳ್ಳೆಯ ಆಟಗಾರನನ್ನೇ ಯಾಕೆ ಮಾರುತ್ತದೆ? ಇದಕ್ಕೆ ಉತ್ತರ ಲೆಕ್ಕದ ಪುಸ್ತಕದಲ್ಲಿದೆ.

ಆಟಗಾರನಿಗೆ ಕೊಟ್ಟ ಹಣವನ್ನು ಆ ವರ್ಷವೇ ಪೂರ್ತಿ ಖರ್ಚೆಂದು ಬರೆಯುವುದಿಲ್ಲ, ಕರಾರಿನ ವರ್ಷಗಳಿಗೆ ಹಂಚುತ್ತಾರೆ. ಟ್ರ್ಯಾಕ್ಟರಿಗೆ ವರ್ಷ ವರ್ಷ ಸವಕಳಿ ಹಾಕುವ ಹಾಗೆ. ಫ್ರಾನ್ಸಿನ ಉಸ್ಮಾನ್ ಡೆಂಬೆಲೆ 2016ರಲ್ಲಿ ಐದು ವರ್ಷದ ಕರಾರಿಗೆ ಬಂದಾಗ ಕೊಟ್ಟದ್ದು ಸುಮಾರು 1.5 ಕೋಟಿ ಯೂರೋ. ಅಂದರೆ ವರ್ಷಕ್ಕೆ 30 ಲಕ್ಷ ಸವಕಳಿ. ಒಂದು ವರ್ಷ ಕಳೆದಾಗ ಪುಸ್ತಕದಲ್ಲಿ ಅವನ ಬೆಲೆ 1.2 ಕೋಟಿ. 2017ರ ಆಗಸ್ಟ್‌ನಲ್ಲಿ ಬಾರ್ಸಿಲೋನಾ ಕೊಟ್ಟದ್ದು 10.5 ಕೋಟಿ, ಮೇಲೆ ಷರತ್ತಿನ ಹಣ ಬೇರೆ. ದಲ್ಲಾಳಿ ಕಮಿಷನ್ ಮುಂತಾದ್ದು ಕಳೆಯುವ ಮೊದಲು ಪುಸ್ತಕದ ಲಾಭ 9.3 ಕೋಟಿ. ಅಷ್ಟೂ ಆ ಒಂದೇ ವರ್ಷದ ಖಾತೆಗೆ.

ಇದೇ ಲೆಕ್ಕದ ಇನ್ನೊಂದು ತುದಿ ನೋಡಿ. ಕ್ಲಬ್ಬಿನ ಸ್ವಂತ ತರಬೇತಿ ಶಾಲೆಯಲ್ಲಿ ಬೆಳೆದ ಹುಡುಗನ ಪುಸ್ತಕದ ಬೆಲೆ ಸೊನ್ನೆ, ಮಾರಿದರೆ ಬಂದದ್ದೆಲ್ಲ ಲಾಭ. ಕರಾರಿನ ಕೊನೆಯ ವರ್ಷಕ್ಕೆ ಬಂದ ಆಟಗಾರನ ಬೆಲೆ ಪೇಟೆಯಲ್ಲಿ ಕುಸಿಯುತ್ತದೆ, ಯಾಕೆಂದರೆ ಇನ್ನೊಂದು ವರ್ಷ ಕಾದರೆ ಅವನು ಬಿಟ್ಟಿಯಾಗಿ ಸಿಗುತ್ತಾನೆ. ಆದ್ದರಿಂದ ಎರಡು ವರ್ಷ ಬಾಕಿ ಇರುವಾಗಲೇ ಒಂದೋ ಕರಾರು ಹೊಸದು ಮಾಡಬೇಕು, ಇಲ್ಲವೇ ಮಾರಬೇಕು.

ತಪ್ಪುವುದೂ ಇಲ್ಲಿಯೇ. 2013ರ ಏಪ್ರಿಲ್ 23ರಂದು, ರಿಯಲ್ ಮ್ಯಾಡ್ರಿಡ್ ಎದುರಿನ ಸೆಮಿಫೈನಲ್‌ಗೆ ಒಂದು ದಿನ ಬಾಕಿ ಇರುವಾಗ, ಡಾರ್ಟ್‌ಮಂಡ್‌ನಲ್ಲೇ ಬೆಳೆದ ಮಾರಿಯೊ ಗೋಟ್ಸೆ ಬಯೆರ್ನ್‌ಗೆ ಹೋಗುವ ಸುದ್ದಿ ಹೊರಬಿತ್ತು. ಅವನ ಕರಾರಿನಲ್ಲಿ ‘3.7 ಕೋಟಿ ಕೊಟ್ಟವರಿಗೆ ಬಿಡಬೇಕು’ ಎಂಬ ಸಾಲಿತ್ತು. ಬಿಡುಗಡೆ ಷರತ್ತು ಎನ್ನುವುದು ಇದಕ್ಕೇ. ಅಷ್ಟು ಹಣ ಮೇಜಿನ ಮೇಲೆ ಬಿದ್ದ ಮೇಲೆ ಕ್ಲಬ್ಬಿಗೆ ಬೇಡವೆನ್ನುವ ಹಕ್ಕಿಲ್ಲ. ಮರುದಿನ ಲೆವಾಂಡೊಸ್ಕಿಯ ನಾಲ್ಕು ಗೋಲಿನಿಂದ ಡಾರ್ಟ್‌ಮಂಡ್ 4-1ರಿಂದ ಗೆದ್ದಿತು. ಆ ಲೆವಾಂಡೊಸ್ಕಿಯನ್ನು ಆ ಬೇಸಿಗೆಯಲ್ಲಿ ಬಯೆರ್ನ್‌ಗೆ ಮಾರಲು ಕ್ಲಬ್ಬು ಒಪ್ಪಲಿಲ್ಲ, ಒಂದು ವರ್ಷ ಇಟ್ಟುಕೊಂಡು 2014ರಲ್ಲಿ ಬಿಡಿಗಾಸಿಲ್ಲದೆ ಕಳಿಸಿತು. ಆ ಒಂದು ವರ್ಷದ ಗೋಲುಗಳಿಗೆ ಬೆಲೆ ಕಟ್ಟಿದರೆ ನಿರ್ಧಾರ ತಪ್ಪೆನಿಸುವುದಿಲ್ಲ, ಪೇಟೆಯ ಬೆಲೆ ನೋಡಿದರೆ ಹೊಟ್ಟೆ ಉರಿಯುತ್ತದೆ.

ಜೇಡನ್ ಸ್ಯಾಂಚೊ, ಎರ್ಲಿಂಗ್ ಹಾಲಂಡ್, ಜೂಡ್ ಬೆಲಿಂಗಮ್ ಎಲ್ಲರೂ ಇದೇ ದಾರಿಯಲ್ಲಿ ಬಂದು ಹೋದವರು. 2023ರಲ್ಲಿ ಬೆಲಿಂಗಮ್‌ಗೆ ರಿಯಲ್ ಮ್ಯಾಡ್ರಿಡ್ 10 ಕೋಟಿಗೂ ಹೆಚ್ಚು ಕೊಟ್ಟಿತು. ಬೆಲೆ ತೆತ್ತದ್ದು ಮೈದಾನದಲ್ಲಿ: 2012ರ ನಂತರ ಲೀಗ್ ಕಿರೀಟ ಮತ್ತೆ ಬಂದಿಲ್ಲ. 2023ರ ಮೇ 27ರಂದು ಸ್ವಂತ ಮೈದಾನದಲ್ಲಿ ಮೈಂಜ್ ವಿರುದ್ಧ ಗೆದ್ದಿದ್ದರೆ ಸಾಕಿತ್ತು. ಆದದ್ದು 2-2. ಬಯೆರ್ನ್ ಕಲೋನ್‌ನಲ್ಲಿ 89ನೇ ನಿಮಿಷದಲ್ಲಿ ಗೋಲು ಹೊಡೆದು ಗೋಲುಗಳ ಅಂತರದಲ್ಲಿ ಕಿರೀಟ ಕೊಂಡೊಯ್ಯಿತು.

ಷೇರುಪೇಟೆಯಲ್ಲಿರುವುದರ ಇನ್ನೊಂದು ಮುಖ

2017ರ ಏಪ್ರಿಲ್ 11ರಂದು ಮೊನಾಕೊ ವಿರುದ್ಧ ಆಡಲು ಹೊರಟಿದ್ದ ತಂಡದ ಬಸ್ಸಿನ ಪಕ್ಕ ರಸ್ತೆಬದಿಯಲ್ಲಿ ಮೂರು ಬಾಂಬು ಸಿಡಿದವು. ಆಟಗಾರ ಮಾರ್ಕ್ ಬಾರ್ತ್ರಾ ಕೈಗೆ ಗಾಯವಾಯಿತು. ಮೊದಲು ಎಲ್ಲರೂ ಭಯೋತ್ಪಾದನೆ ಎಂದುಕೊಂಡರು. ಪೊಲೀಸರಿಗೆ ಸುಳಿವು ಕೊಟ್ಟದ್ದು ಷೇರುಪೇಟೆ. ಒಬ್ಬ ವ್ಯಕ್ತಿ ಸಾಲದ ಹಣದಲ್ಲಿ ಡಾರ್ಟ್‌ಮಂಡ್ ಷೇರಿನ ‘ಪುಟ್ ಆಪ್ಷನ್’ ಕೊಂಡಿದ್ದ. ಷೇರಿನ ಬೆಲೆ ಬಿದ್ದಷ್ಟೂ ಲಾಭ ತರುವ ವ್ಯವಹಾರ ಅದು. ಆಟಗಾರರು ಸತ್ತರೆ ಕಂಪನಿಯ ಬೆಲೆ ಬೀಳುತ್ತದೆ ಎಂಬುದು ಅವನ ಲೆಕ್ಕ. 2018ರಲ್ಲಿ ನ್ಯಾಯಾಲಯ ಅವನಿಗೆ 14 ವರ್ಷ ಜೈಲು ವಿಧಿಸಿತು.

ಪಂದ್ಯವನ್ನು ಮರುದಿನವೇ ಆಡಿಸಿದರು, ಡಾರ್ಟ್‌ಮಂಡ್ 2-3ರಿಂದ ಸೋತಿತು. ಅಷ್ಟು ಬೇಗ ಆಡಿಸಿದ ವಿಷಯದಲ್ಲಿ ವಾಟ್ಸ್ಕೆ ಮತ್ತು ತರಬೇತುದಾರ ಥಾಮಸ್ ಟುಕೆಲ್ ನಡುವಿನ ಬಿರುಕು ಬಯಲಿಗೆ ಬಂತು. ಮೇ 27ರಂದು ಟುಕೆಲ್ ಜರ್ಮನ್ ಕಪ್ ಗೆದ್ದುಕೊಟ್ಟರು, ಮೇ 30ರಂದು ಕೆಲಸ ಕಳೆದುಕೊಂಡರು.

ಟೆನಿಸ್ ಚೆಂಡುಗಳು

2022ರಿಂದ ವಾಟ್ಸ್ಕೆ ಲೀಗ್ ಸಂಸ್ಥೆಯ ಮೇಲ್ವಿಚಾರಣಾ ಮಂಡಳಿಯ ಮುಖ್ಯಸ್ಥರೂ ಹೌದು. ಎರಡು ವಿಭಾಗಗಳ 36 ಕ್ಲಬ್ಬುಗಳು ಸೇರಿ ಟಿವಿ ಹಕ್ಕು ಮಾರುವ ಸಂಸ್ಥೆ ಇದು. ಟಿವಿ ಹಕ್ಕಿನ ಆದಾಯದಲ್ಲಿ ಶೇ. 8ರಷ್ಟನ್ನು 20 ವರ್ಷಕ್ಕೆ ಹೂಡಿಕೆದಾರನೊಬ್ಬನಿಗೆ ಬಿಟ್ಟುಕೊಟ್ಟು, ಬದಲಿಗೆ 100 ಕೋಟಿ ಯೂರೋವರೆಗೆ ಒಟ್ಟಿಗೆ ಪಡೆಯುವ ಯೋಜನೆ ಮುಂದೆ ಬಂತು. ಮೂರರಲ್ಲಿ ಎರಡು ಭಾಗ, ಅಂದರೆ 24 ಮತ ಬೇಕು. 2023ರ ಮೇನಲ್ಲಿ 20 ಮಾತ್ರ ಬಿದ್ದವು. ಡಿಸೆಂಬರ್ 11ರಂದು ಮತ್ತೆ ಗುಪ್ತ ಮತದಾನ ನಡೆದಾಗ ಸರಿಯಾಗಿ 24 ಬಿದ್ದವು. ವಿರೋಧ 10, ತಟಸ್ಥ 2.

ಜಗಳ ಹತ್ತಿದ್ದು ಆ ಕೊನೆಯ ಒಂದು ಮತಕ್ಕೆ. ಹ್ಯಾನೋವರ್ ಕ್ಲಬ್ಬಿನ ಸಂಘ ತನ್ನ ಕಂಪನಿಯ ನಿರ್ದೇಶಕ ಮಾರ್ಟಿನ್ ಕಿಂಡ್‌ಗೆ ‘ಬೇಡ ಎಂದು ಮತ ಹಾಕಿ’ ಎಂದು ಸೂಚಿಸಿತ್ತು. ಅವರು ಹೇಗೆ ಹಾಕಿದರು ಎಂದು ಹೇಳಲಿಲ್ಲ. ಹೌದು ಎಂದು ಹಾಕಿದ್ದರೆ ಸಂಘದ ಮಾತು ಕಂಪನಿಯಲ್ಲಿ ನಡೆಯಲಿಲ್ಲ ಎಂದರ್ಥ, ಅಂದರೆ 50+1 ಕಾಗದದ ಮೇಲಷ್ಟೇ. ವಾರಗಟ್ಟಲೆ ಅಭಿಮಾನಿಗಳು ಟೆನಿಸ್ ಚೆಂಡು, ಚಾಕೊಲೇಟ್ ನಾಣ್ಯಗಳನ್ನು ಮೈದಾನಕ್ಕೆ ಎಸೆದು ಪಂದ್ಯ ನಿಲ್ಲಿಸಿದರು. ರಿಮೋಟ್ ಆಟಿಕೆ ಕಾರುಗಳೂ ಹುಲ್ಲಿನ ಮೇಲೆ ಓಡಿದವು. 2024ರ ಫೆಬ್ರವರಿ 21ರಂದು ಲೀಗ್ ಯೋಜನೆಯನ್ನೇ ಕೈಬಿಟ್ಟಿತು.

ಸದಸ್ಯರ ಮತಕ್ಕೆ ಮಿತಿಯೂ ಉಂಟು. 2024ರ ಮೇನಲ್ಲಿ ಡಾರ್ಟ್‌ಮಂಡ್ ಕಂಪನಿ ಶಸ್ತ್ರಾಸ್ತ್ರ ತಯಾರಕ ರೈನ್‌ಮೆಟಾಲ್ ಜೊತೆ ಮೂರು ವರ್ಷದ ಪ್ರಾಯೋಜಕತ್ವಕ್ಕೆ ಸಹಿ ಹಾಕಿತು. ನವೆಂಬರ್‌ನ ಸಂಘದ ಸಭೆಯಲ್ಲಿ ಮತ ಹಾಕಿದವರಲ್ಲಿ ಹೆಚ್ಚಿನವರು ಅದನ್ನು ವಿರೋಧಿಸಿದರು. ಆದರೆ ಸಹಿ ಹಾಕಿದ್ದು ಕಂಪನಿ, ಒಪ್ಪಂದ ರದ್ದು ಮಾಡುವ ಬಲ ಆ ಮತಕ್ಕಿರಲಿಲ್ಲ. ಸಂಘದ ನಿಜವಾದ ಹತೋಟಿ ಇರುವುದು ಯಾರನ್ನು ಅಧ್ಯಕ್ಷನನ್ನಾಗಿ ಆರಿಸುತ್ತೇವೆ ಎಂಬುದರಲ್ಲಿ. 2022ರಿಂದ ರೈನ್‌ಹೋಲ್ಡ್ ಲುನೋ ಕೂತಿದ್ದ ಆ ಜಾಗ ವಾಟ್ಸ್ಕೆಗೆ ಯಾಕೆ ಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ವರದಿ ಓದುವವರಿಗೆ

ಷೇರುಪೇಟೆಯಲ್ಲಿರುವ ಕಾರಣ ಡಾರ್ಟ್‌ಮಂಡ್‌ನ ಲೆಕ್ಕ ಯಾರು ಬೇಕಾದರೂ ಓದಬಹುದು. ಅವರ ಹಣಕಾಸು ವರ್ಷ ಜುಲೈ 1ರಿಂದ ಜೂನ್ 30, ಮೊದಲ ಅಂಕಿಗಳು ಆಗಸ್ಟ್‌ನಲ್ಲಿ ಹೊರಬರುತ್ತವೆ.

ಮೊದಲು ನೋಡಬೇಕಾದ್ದು ಆಟಗಾರರ ಮಾರಾಟ ಬಿಟ್ಟು ಉಳಿದ ವರಮಾನ: ಟಿವಿ, ಜಾಹೀರಾತು, ಟಿಕೆಟ್, ಅಂಗಡಿ. 2023-24ರಲ್ಲಿ ಇದು ಮೊದಲ ಬಾರಿಗೆ 50 ಕೋಟಿ ಯೂರೋ ದಾಟಿತು. ಆ ವರ್ಷ ತಂಡ ಚಾಂಪಿಯನ್ಸ್ ಲೀಗ್ ಫೈನಲ್‌ವರೆಗೂ ಹೋಗಿತ್ತು, ಹಾಗಾಗಿ ಅದನ್ನೇ ಮಾಮೂಲಿ ಎಂದುಕೊಳ್ಳುವಂತಿಲ್ಲ. ಪಕ್ಕದಲ್ಲೇ ಸಂಬಳದ ಸಾಲಿರುತ್ತದೆ, ಎರಡನ್ನೂ ಹೋಲಿಸಿ. ಸಂಬಳ ಏರಿ ವರಮಾನ ನಿಂತಿದ್ದರೆ ಒಬ್ಬ ಆಟಗಾರನ ಮಾರಾಟ ಹತ್ತಿರದಲ್ಲಿದೆ ಎಂದು ತಿಳಿಯಬಹುದು. ಕೋವಿಡ್‌ನ 2020-21ರಲ್ಲಿ ಪ್ರೇಕ್ಷಕರಿಲ್ಲದೆ ಸುಮಾರು 7.3 ಕೋಟಿ ನಷ್ಟವಾದಾಗ ಸ್ಯಾಂಚೊನನ್ನು ಮಾರಿದರು. ಸಾಲದ್ದಕ್ಕೆ 4.70 ಯೂರೋ ದರದಲ್ಲಿ ಹೊಸ ಷೇರನ್ನೂ ಹೊರಡಿಸಿದರು.

ಇನ್ನೊಂದು ಸಾಲು ಹಲವರ ಕಣ್ಣಿಗೆ ಬೀಳುವುದೇ ಇಲ್ಲ: ಬರಬೇಕಾದ ವರ್ಗಾವಣೆ ಬಾಕಿ. 10 ಕೋಟಿಗೆ ಮಾರಿದೆವು ಎಂದರೆ 10 ಕೋಟಿ ಮರುದಿನ ಬ್ಯಾಂಕಿಗೆ ಬಂತೆಂದಲ್ಲ. ಸಾಮಾನ್ಯವಾಗಿ ಎರಡು ಮೂರು ವರ್ಷದ ಕಂತಿನಲ್ಲಿ ಬರುತ್ತದೆ. ಲಾಭ ಪುಸ್ತಕದಲ್ಲಿ ಈ ವರ್ಷವೇ ಕಾಣುತ್ತದೆ, ನಗದು ನಿಧಾನಕ್ಕೆ ಬರುತ್ತದೆ. ಕೊಂಡ ಆಟಗಾರರಿಗೆ ಕೊಡಬೇಕಾದ ಕಂತು ಅದರ ಕೆಳಗೇ ಇರುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದು ನೋಡಿ.

ಇನ್ನು ಷೇರು ಕೊಂಡವರ ಪಾಡು: ವರ್ಷಕ್ಕೆ ಷೇರಿಗೆ 6 ಸೆಂಟ್‌ನಷ್ಟು ಲಾಭಾಂಶ ಕೆಲವು ವರ್ಷ ಸಿಕ್ಕಿದೆ, ನಷ್ಟದ ವರ್ಷಗಳಲ್ಲಿ ಅದೂ ಇಲ್ಲ. 2000ದಲ್ಲಿ 11 ಯೂರೋ ಕೊಟ್ಟವರಿಗೆ ಆ ಬೆಲೆ ಇನ್ನೂ ಮರಳಿ ಬಂದಿಲ್ಲ.